ಮಳೆಗೆ ಮುಂಚೆ ಕ್ಯಾಮೆರಾ ಬ್ಯಾಗ್ ತಗೋಬೇಕು: ಬೆನ್ನಿಗೆ ಹಾಕುವುದೋ, ಗಟ್ಟಿ ಪೆಟ್ಟಿಗೆಯೋ?

ಗಿರಿಸಾಲು (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಮೇ ತಿಂಗಳು ಅರ್ಧ ಮುಗಿಯಿತು, ಇನ್ನೇನು ಮಳೆ ಹಿಡಿಯುತ್ತದೆ. ಅಷ್ಟರೊಳಗೆ ಒಂದು ಬ್ಯಾಗ್ ವಿಚಾರ ಇತ್ಯರ್ಥ ಮಾಡಿಕೊಳ್ಳಬೇಕು.

ನನ್ನ ಹತ್ತಿರ ಇರುವುದು ಒಂದು ಸೋನಿ ಫುಲ್ ಫ್ರೇಮ್ ಕ್ಯಾಮೆರಾ ಬಾಡಿ, 24-105 ಲೆನ್ಸ್, ಒಂದು 50 ಲೆನ್ಸ್, ಮತ್ತೆ ಈ ವರ್ಷ ಸಾಲ ಮಾಡಿ ತಗೊಂಡ ಉದ್ದನೆಯ 200-600 ಲೆನ್ಸ್. ಓಡಾಟ ಎಲ್ಲ ಬೈಕಲ್ಲೇ. ಭಾನುವಾರ ಬೆಳಿಗ್ಗೆ ಮುಳ್ಳಯ್ಯನಗಿರಿ ಕಡೆ, ಇಲ್ಲಾಂದ್ರೆ ಹಿರೇಕೊಳಲೆ ಕೆರೆ, ರಜೆ ಸಿಕ್ಕರೆ ಮುತ್ತೋಡಿ ಕಾಡು. ಈಗಿರುವ ಬ್ಯಾಗ್ ಕ್ಯಾಮೆರಾ ಜೊತೆ ಫ್ರೀ ಬಂದಿದ್ದು. 200-600 ಅದರಲ್ಲಿ ತಲೆ ಹೊರಗೆ ಹಾಕಿ ಕೂರುತ್ತದೆ, ಸಂತೆಯಿಂದ ತಂದ ಹುಂಜದ ಥರ.

ಇನ್ನೊಂದು ಸಂಕಟ ಇದೆ. ಹೋದ ಆಷಾಢದಲ್ಲಿ ಮೂರು ವಾರ ಕ್ಯಾಮೆರಾ ಮುಟ್ಟಲಿಲ್ಲ. ಬ್ಯಾಗ್ ಬೀರುವಿನಲ್ಲಿತ್ತು. ಜಿಪ್ ತೆಗೆದರೆ ಹಳೇ ಕಂಬಳಿಯ ಮುಗ್ಗು ವಾಸನೆ. 50ರ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಒಳಗಿನ ಗಾಜಿನ ಅಂಚಿನಿಂದ ನಡುವಿನ ಕಡೆಗೆ ಸಣ್ಣ ಬಿಳಿ ಎಳೆಗಳು, ಹತ್ತಿ ನೂಲು ಬಿಡಿಸಿ ಅಂಟಿಸಿದ ಹಾಗೆ. ಎದೆ ಧಸಕ್ ಅಂತು. ಈಗ 200-600ಕ್ಕೂ ಅದೇ ಗತಿ ಆಗಬಾರದು.

ಅಂಗಡಿಯವರು "ಒಳ್ಳೇ ಬ್ಯಾಗ್ ತಗೊಳ್ಳಿ ಸರ್, ಎಲ್ಲ ಸರಿ ಹೋಗುತ್ತದೆ" ಅಂದರು. ಬೆನ್ನಿಗೆ ಹಾಕುವ ಬ್ಯಾಗ್ ಒಳ್ಳೆಯದಾ, ಪೆಲಿಕನ್ ಥರದ ಗಟ್ಟಿ ಪೆಟ್ಟಿಗೆ ಒಳ್ಳೆಯದಾ? ಬಜೆಟ್ ಹತ್ತು ಸಾವಿರ. ಎಳೆದರೆ ಹನ್ನೆರಡು.

ಹಾಸನ್ ಸ್ಟುಡಿಯೋ

ಬ್ರ್ಯಾಂಡ್ ಆಮೇಲೆ. ಮೊದಲು ಟೇಪ್ ಹಿಡಿದು ಅಳೆಯಿರಿ. ನಿಮ್ಮ 200-600 ಒಂದೇ 318 ಮಿಮೀ ಉದ್ದ, ತೂಕ 2 ಕೆಜಿ ಮೇಲೆ. ಲೆನ್ಸ್ ಬಾಯಿಗೆ ಹಾಕುವ ಹುಡ್ ತಿರುಗಿಸಿ ಹಾಕಿ, ಬಾಡಿ ಸಿಕ್ಕಿಸಿ ಇಡುವುದಾದರೆ ಬ್ಯಾಗಿನ ಒಳಗಿನ ಉದ್ದವೇ 40 ಸೆಂಮೀ ದಾಟಬೇಕು. ಜಾಲತಾಣದಲ್ಲಿ ದಪ್ಪಕ್ಷರದಲ್ಲಿ ಹಾಕಿರುವುದು ಬಹಳ ಸಲ ಹೊರಗಿನ ಅಳತೆ. ಅದನ್ನು ನಂಬಿ ತರಿಸಿ ವಾಪಸ್ ಕಳಿಸಿದವರು ನನ್ನ ಅಂಗಡಿಯಲ್ಲೇ ಇಬ್ಬರಿದ್ದಾರೆ.

ಒಂದು ಸುಲಭ ಉಪಾಯ ಹೇಳುತ್ತೇನೆ. ನೆಲದ ಮೇಲೆ ಪೇಪರ್ ಹಾಸಿ. ಸಾಮಾನೆಲ್ಲ ಹೇಗೆ ಕೂರಬೇಕೋ ಹಾಗೆ ಇಟ್ಟು ಸುತ್ತ ಪೆನ್ನಲ್ಲಿ ಗೆರೆ ಎಳೆಯಿರಿ. ಆ ಪೇಪರ್ ಮಡಚಿ ಅಂಗಡಿಗೆ ತಗೊಂಡು ಹೋಗಿ ಬ್ಯಾಗಿನೊಳಗೆ ಹಾಸಿ ನೋಡಿ.

ಕಣದ ಕಾಫಿ (ಮೂಡಿಗೆರೆ)

ಮಾರಾಯ್ರೇ, ನೀವು ಎರಡು ಪ್ರಶ್ನೆಯನ್ನು ಒಂದೇ ಚೀಲಕ್ಕೆ ತುಂಬಿದ್ದೀರಿ. ಹೊತ್ತುಕೊಂಡು ಹೋಗುವುದು ಬೇರೆ, ಮನೆಯಲ್ಲಿ ಇಡುವುದು ಬೇರೆ. ನಿಮ್ಮ 50ಕ್ಕೆ ಬೂಷ್ಟು ಬಂದಿದ್ದು ಬ್ಯಾಗ್ ಕೆಟ್ಟದ್ದು ಅಂತಲ್ಲ. ಬ್ಯಾಗಿನೊಳಗೆ ಇಟ್ಟಿದ್ದಕ್ಕೆ.

ಕ್ಯಾಮೆರಾ ಬ್ಯಾಗ್ ಅಂದರೆ ಏನು ಹೇಳಿ? ಸುತ್ತ ಸ್ಪಂಜು, ಮೇಲೆ ಬಟ್ಟೆ, ಒಳಗೆ ಕತ್ತಲೆ, ಗಾಳಿ ಆಡುವುದಿಲ್ಲ. ಒಮ್ಮೆ ಶೀತ ಹಿಡಿದರೆ ಆ ಸ್ಪಂಜು ವಾರಗಟ್ಟಲೆ ಬಿಡುವುದಿಲ್ಲ. ಬೂಷ್ಟಿಗೆ ಬೇಕಾದ್ದು ತೇವ, ಕತ್ತಲೆ, ತಿನ್ನಲು ಚೂರು ಧೂಳೋ ಕೈಯೆಣ್ಣೆಯೋ. ಮೂರನ್ನೂ ಜಿಪ್ ಎಳೆದು ಭದ್ರ ಮಾಡಿ ಕೊಟ್ಟಿದ್ದೀರಿ. ಇಪ್ಪತ್ತು ಸಾವಿರದ ಬ್ಯಾಗ್ ತಂದರೂ ಇದೇ ಕಥೆ. ಸ್ಪಂಜು ಇನ್ನೂ ದಪ್ಪ ಇರುತ್ತದೆ, ಅಷ್ಟೇ.

ನಾವು ಕಾಫಿ ಬೆಳೆಯುವವರು ಇದನ್ನು ದಿನಾ ನೋಡುತ್ತೇವೆ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ) ಕಣದಲ್ಲಿ ಒಣಗಿಸಿ, ಮಾಯಿಶ್ಚರ್ ಮೀಟರ್ ಹಾಕಿ, ಹತ್ತು ಹನ್ನೊಂದು ಪರ್ಸೆಂಟ್‌ಗೆ ಬಂದ ಮೇಲೇ ಚೀಲಕ್ಕೆ. ಸರಿಯಾಗಿ ಒಣಗಿಸದೆ ಚೀಲದ ಬಾಯಿ ಹೊಲಿದರೆ ಚೀಲ ಎಷ್ಟೇ ಒಳ್ಳೆಯದಿರಲಿ, ಒಳಗೆ ಬೂಷ್ಟು. ಲೆನ್ಸಿಗೂ ಅದೇ ಲೆಕ್ಕ. ಸುತ್ತಲ ಗಾಳಿಯ ತೇವಾಂಶ 40ರಿಂದ 50 ಪರ್ಸೆಂಟ್ ಒಳಗಿರಬೇಕು. ಜುಲೈನಲ್ಲಿ ನಮ್ಮ ಮನೆ ಹಾಲಿನಲ್ಲಿ ಮೀಟರ್ 90 ದಾಟುತ್ತದೆ. ಗೋಡೆ ಮೇಲಿನ ಕ್ಯಾಲೆಂಡರ್ ಹಾಳೆಯೇ ಮುದುರಿ ನೇತಾಡುತ್ತಿರುತ್ತದೆ.

ಹತ್ತು ಸಾವಿರದಲ್ಲಿ ಬ್ಯಾಗಿಗೆ ಐದು, ಮನೆಯಲ್ಲಿಡುವ ಡಬ್ಬಿಗೋ, ಕರೆಂಟಿನಲ್ಲಿ ಒಳಗಿನ ಗಾಳಿ ಒಣಗಿಸಿಡುವ ಡ್ರೈ ಕ್ಯಾಬಿನೆಟ್‌ಗೋ ಐದು ಅಂತ ಮೊದಲೇ ಪಾಲು ಮಾಡಿಬಿಡಿ.

ಅರಸೀಕೆರೆ ಎಕ್ಸ್‌ಪ್ರೆಸ್

ಡ್ರೈ ಕ್ಯಾಬಿನೆಟ್ ಎಲ್ಲ ಸುಮ್ನೆ ದುಡ್ಡು ದಂಡ. ನಾನು 12 ವರ್ಷದಿಂದ ಎರಡು ಬಾಡಿ, ಐದು ಲೆನ್ಸ್ ಬ್ಯಾಗಿನಲ್ಲೇ ಇಟ್ಟಿದ್ದೇನೆ. ಒಂದಕ್ಕೂ ಏನೂ ಆಗಿಲ್ಲ. ದಿನಾ ಬಳಸಿದರೆ ಫಂಗಸ್ ಬರುವುದಿಲ್ಲ ಗುರು. ಬೀರುವಿನಲ್ಲಿ ಪೂಜೆಗೆ ಇಟ್ಟರೆ ಬರುತ್ತದೆ.

ಕಣದ ಕಾಫಿ (ಮೂಡಿಗೆರೆ)

ನಿಮ್ಮ ಹೆಸರಲ್ಲೇ ಉತ್ತರ ಇದೆಯಲ್ಲ ಸ್ವಾಮಿ. ಅರಸೀಕೆರೆಯಲ್ಲಿ ತೆಂಗಿನ ತೋಟಕ್ಕೇ ನೀರಿಲ್ಲ ಅಂತ ಅಳುತ್ತೀರಿ, ಲೆನ್ಸಿಗೆ ಎಲ್ಲಿಂದ ಬರಬೇಕು?

ಒಂದೇ ಜಿಲ್ಲೆ ಆದರೂ ಊರು ನೋಡಿ ಮಾತಾಡಬೇಕು. ಹಾಸನ ಪೇಟೆಯಿಂದ ಸಕಲೇಶಪುರಕ್ಕೆ 40 ಕಿಲೋಮೀಟರ್. ಅಷ್ಟರಲ್ಲೇ ಆಕಾಶ ಬೇರೆ ಆಗುತ್ತದೆ. ನಮ್ಮ ಜಿಲ್ಲೆಯಲ್ಲೂ ಕಡೂರು ಬಯಲುಸೀಮೆ, ಕೊಟ್ಟಿಗೆಹಾರದಲ್ಲಿ ಕೊಡೆ ಒಣಗುವುದೇ ಇಲ್ಲ. ಕಡೂರಿನವರಿಗೆ ಬ್ಯಾಗೇ ಸಾಕು, ಒಪ್ಪಿದೆ. ಗಿರಿಸಾಲು ಇರುವುದು ಗಿರಿ ಬುಡದಲ್ಲಿ.

ದಿನಾ ಬಳಸಿದರೆ ಬರುವುದಿಲ್ಲ ಅನ್ನುವುದೂ ಅರ್ಧ ನಿಜ. ತೆಗೆದು ಗಾಳಿಗೆ, ಬೆಳಕಿಗೆ ಇಟ್ಟರೆ ಒಳ್ಳೆಯದೇ. ಆದರೆ ಬ್ಯಾಂಕ್ ಕೆಲಸವೋ ಮೇಷ್ಟರ ಕೆಲಸವೋ ಇರುವವರು ಜುಲೈ ಮಳೆಯಲ್ಲಿ ದಿನಾ ಕ್ಯಾಮೆರಾ ತೆಗೆಯುತ್ತಾರಾ?

ಬಿಸಿಲೆ ಕಪ್ಪೆ (ಸಕಲೇಶಪುರ)

ಮಳೆಗಾಲದಲ್ಲೇ ಜಾಸ್ತಿ ಕ್ಯಾಮೆರಾ ತೆಗೆಯುವವಳು ನಾನು. ಕಪ್ಪೆ ಫೋಟೋ ಬೇಕಂದರೆ ಜೂನ್ ರಾತ್ರಿಯೇ ಹೋಗಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ಹೊರುವ ಬ್ಯಾಗ್ ಬಗ್ಗೆ ನಾನು ಹೇಳುತ್ತೇನೆ. ಇಡುವ ವಿಷಯಕ್ಕೆ ಕಾಫಿ ಅಣ್ಣ ಹೇಳಿದ್ದೇ ಸರಿ.

ಬೆನ್ನಿನ ಕಡೆಯಿಂದ ತೆರೆಯುವ ಬ್ಯಾಗ್ ತಗೊಳ್ಳಿ. ಅಂದರೆ ಜಿಪ್ ನಿಮ್ಮ ಬೆನ್ನಿಗೆ ತಾಗುವ ಬದಿಯಲ್ಲಿ ಇರಬೇಕು. ಕಾಡಲ್ಲಿ ಬ್ಯಾಗ್ ಕೆಳಗಿಟ್ಟಾಗ ಅದರ ಮುಖ ಕೆಸರಿಗೆ, ಬೆನ್ನಿನ ಪಟ್ಟಿ ಮೇಲಕ್ಕೆ. ಮತ್ತೆ ಹೊತ್ತಾಗ ನಿಮ್ಮ ಅಂಗಿ ಕೆಸರಾಗುವುದಿಲ್ಲ. ಮುಂದಿನಿಂದ ತೆರೆಯುವ ಬ್ಯಾಗ್ ಇಟ್ಟುಕೊಂಡಿದ್ದ ಕಾಲದಲ್ಲಿ ನಾನು ಮನೆಗೆ ಬಂದರೆ ಅಮ್ಮ ಹಿಂದಿನ ಬಾಗಿಲಿಂದಲೇ ಬಾ ಅನ್ನುತ್ತಿದ್ದರು. ಬಸ್ಸಲ್ಲಿ, ಜಾತ್ರೆಯಲ್ಲಿ ಹಿಂದೆ ನಿಂತವರು ಜಿಪ್ ಎಳೆಯಲಿಕ್ಕೂ ಆಗುವುದಿಲ್ಲ.

ಇಂಬಳದ (ಜಿಗಣೆ) ವಿಷಯ ಯಾರೂ ಹೇಳಲಿಲ್ಲ ನೋಡಿ. ಬ್ಯಾಗ್ ಹುಲ್ಲಿನ ಮೇಲೆ ಹತ್ತು ನಿಮಿಷ ಇಟ್ಟರೆ ಮೂರು ನಾಲ್ಕು ಹತ್ತಿರುತ್ತವೆ. ಬ್ಯಾಗಿನ ಹೊರಗೆ ಜಾಲರಿ ಜೇಬು ಎಷ್ಟು ಜಾಸ್ತಿಯೋ ಅವಕ್ಕೆ ಅಷ್ಟು ಬಿಡಾರ. ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಮಡಚಿಟ್ಟುಕೊಳ್ಳಿ, ಅದರ ಮೇಲೆ ಬ್ಯಾಗ್ ಇಡಿ.

ಈಗ ಮುಖ್ಯ ಮಾತು, ರೇನ್ ಕವರ್. ಎಲ್ಲ ಬ್ಯಾಗಿಗೂ ಕೊಡುತ್ತಾರೆ. ಎಲ್ಲರೂ ನಂಬುತ್ತಾರೆ. 2022ರಲ್ಲಿ ಗಿರಿಯಲ್ಲಿ ಕುರಿಂಜಿ ಅರಳಿದಾಗ ನಾನೂ ಕವರ್ ಹಾಕಿಕೊಂಡು ಸ್ಕೂಟಿಯಲ್ಲಿ ಹೋದೆ. ಇಳಿಯುವಾಗ ಜೋರು ಮಳೆ. ಮನೆಗೆ ಬಂದು ನೋಡಿದರೆ ಕವರ್ ಮೇಲೆಲ್ಲ ಒಣಗಿದ ಹಾಗಿದೆ, ಕೆಳಗೆ ತೊಟ್ಟಿಲಿನ ಹಾಗೆ ಜೋತು ಬಿದ್ದಿದೆ. ಎತ್ತಿದರೆ ಒಂದು ಲೋಟ ನೀರು! ಕವರ್ ಮುಚ್ಚುವುದು ಹೊರಗಿನ ಮೂರು ಬದಿ ಮಾತ್ರ. ಬೆನ್ನಿನ ಬದಿ ತೆರೆದೇ ಇರುತ್ತದೆ. ಹೆಲ್ಮೆಟ್‌ನಿಂದ ಕತ್ತಿಗೆ, ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ಬ್ಯಾಗಿನ ಪಟ್ಟಿಯ ಸ್ಪಂಜಿಗೆ ನೀರು ಇಳಿಯುತ್ತದೆ. ಕೊನೆಗೆ ಕವರ್ ತಳದಲ್ಲಿ ನಿಲ್ಲುತ್ತದೆ. ತಳದಲ್ಲಿ ಇದ್ದಿದ್ದು ನನ್ನ ಮ್ಯಾಕ್ರೋ ಲೆನ್ಸ್.

ಈಗ ಏನು ಮಾಡುತ್ತೇನೆ ಅಂದರೆ, ಬ್ಯಾಗ್ ಹಾಕಿಕೊಂಡ ಮೇಲೆ ಅದರ ಮೇಲಿಂದ ನನ್ನನ್ನೂ ಸೇರಿಸಿ ಪೋಂಚೋ. ತೋಟದ ಹೆಂಗಸರು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಳ್ಳುತ್ತಾರಲ್ಲ, ಅದೇ. ತಲೆಯಿಂದ ಮಂಡಿವರೆಗೆ ನೀರು ಹೊರಗೇ ಜಾರಬೇಕು. ಒಳಗೆ ಒಂದೊಂದು ಲೆನ್ಸಿಗೂ ಜಿಪ್ ಲಾಕ್ ಕವರ್. ಬೈಕ್ ಓಡಿಸುವಾಗ ಮಾತ್ರ ಪೋಂಚೋ ಗಾಳಿಗೆ ಹಾರದ ಹಾಗೆ ಸೊಂಟಕ್ಕೆ ಕಟ್ಟಿಕೊಳ್ಳಿ, ಚಕ್ರಕ್ಕೆ ಸಿಕ್ಕಿದರೆ ಲೆನ್ಸಿನ ಚಿಂತೆಯೇ ಇರುವುದಿಲ್ಲ.

ಗಿರಿಸಾಲು (ಚಿಕ್ಕಮಗಳೂರು)

ಅಕ್ಕ, ಆ ತೊಟ್ಟಿಲು ನನಗೂ ಆಗಿದೆ. ಕವರ್ ಹರಿದಿರಬೇಕು ಅಂದುಕೊಂಡು ಹೊಸದು ತಂದಿದ್ದೆ!

ಮನೆಯಲ್ಲಿಡುವುದಕ್ಕೆ ಬೀರುವಿನಲ್ಲಿ ಝೀರೋ ಬಲ್ಬ್ ಹಾಕಿದರೆ ಸಾಕು ಅಂತ ನಮ್ಮ ಮಾವ ಹೇಳುತ್ತಾರೆ. ಅಕ್ಕಿ ಡಬ್ಬಿಯಲ್ಲಿ ಹುದುಗಿಸು ಅಂತ ಅಜ್ಜಿ. ನುಸಿ ಗುಳಿಗೆ ಹಾಕು ಅಂತ ಹೆಂಡತಿ. ಯಾರ ಮಾತು ಕೇಳಲಿ?

ಹಾಸನ್ ಸ್ಟುಡಿಯೋ

ಮಾವನದ್ದು ನಿಜವಾದ ವಿದ್ಯೆ, ಆದರೆ ಕಾಲ ಬದಲಾಗಿದೆ. ನಮ್ಮ ತಂದೆಯವರ ಕಾಲದಲ್ಲಿ ಸ್ಟುಡಿಯೋದಲ್ಲಿ ಒಂದು ಮರದ ಬೀರು, ಅದರ ತಳದಲ್ಲಿ 15 ವ್ಯಾಟ್ ಬಲ್ಬ್, ಹಗಲೂ ರಾತ್ರಿ ಉರಿಯುತ್ತಿತ್ತು. ಬೀರು ಒಳಗೆ ಕೈ ಇಟ್ಟರೆ ಬೆಚ್ಚಗೆ, ಕೋಳಿಮರಿ ಗೂಡಿನ ಹಾಗೆ. ಗಾಳಿ ಬೆಚ್ಚಗಾದರೆ ಅದರ ತೇವಾಂಶದ ಪರ್ಸೆಂಟ್ ಇಳಿಯುತ್ತದೆ, ಅದೇ ಗುಟ್ಟು. ಈಗ ಅಂಗಡಿಯಲ್ಲಿ ಝೀರೋ ಬಲ್ಬ್ ಕೇಳಿದರೆ ಕೊಡುವುದು ಎಲ್‌ಇಡಿ. ಅದಕ್ಕೆ ಬಿಸಿಯೇ ಇಲ್ಲ. ಬೀರು ಬೆಳಗುತ್ತದೆ, ಒಣಗುವುದಿಲ್ಲ.

ಅಕ್ಕಿ ಬೇಡ. ತೇವ ಎಳೆಯುವ ಶಕ್ತಿ ಕಡಿಮೆ, ಹುಡಿ ಮಾತ್ರ ಜಾಸ್ತಿ. ಫೋಕಸ್ ರಿಂಗ್ ಸಂದಿಗೆ ಹೋಗಿ ಕೂರುತ್ತದೆ. ನುಸಿ ಗುಳಿಗೆಯಂತೂ ಬೇಡವೇ ಬೇಡ. ಅದು ತೇವ ಹೀರುವ ವಸ್ತುವೇ ಅಲ್ಲ, ಆವಿಯಾಗಿ ಎಲ್ಲದರ ಮೇಲೂ ಕೂರುತ್ತದೆ.

ಲೆನ್ಸ್ ಜೊತೆ ಚರ್ಮದ ಕೇಸ್ ಕೊಟ್ಟಿದ್ದರೆ ಅದನ್ನು ದೂರ ಇಡಿ. ಬೂಷ್ಟಿಗೆ ಚರ್ಮ ಅಂದರೆ ಹಬ್ಬದೂಟ.

ಕಣದ ಕಾಫಿ (ಮೂಡಿಗೆರೆ)

ಡಬ್ಬಿ ಪದ್ಧತಿ ಬರೆಯುತ್ತೇನೆ, ಕಡಿಮೆ ಖರ್ಚಿನದು.

ಸುತ್ತ ರಬ್ಬರ್ ಇದ್ದು, ನಾಲ್ಕೂ ಕಡೆ ಕ್ಲಿಪ್ ಬೀಳುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಕೊಳ್ಳುವಾಗ ಒಳಗೆ ಒಂದು ನೋಟು ಇಟ್ಟು ಮುಚ್ಚಳ ಹಾಕಿ, ನೋಟಿನ ತುದಿ ಹೊರಗಿರಲಿ. ಎಳೆದರೆ ಸಲೀಸಾಗಿ ಬಂದರೆ ಆ ರಬ್ಬರ್ ಕೂರುತ್ತಿಲ್ಲ ಅಂತ. ಅದಕ್ಕೆ ಅರ್ಧ ಕೆಜಿ ಬಣ್ಣದ ಸಿಲಿಕಾ ಜೆಲ್. ಶೂ ಡಬ್ಬಿಯಲ್ಲಿ ಬರುವ ಎರಡು ಪುಟ್ಟ ಪೊಟ್ಟಣ ಅಲ್ಲ, ಅವು ನಮ್ಮ ಊರಿಗೆ ಬರುವಷ್ಟರಲ್ಲೇ ತುಂಬಿಕೊಂಡಿರುತ್ತವೆ. ಬಣ್ಣದಲ್ಲಿ ಎರಡು ಜಾತಿ. ನೀಲಿ ಇದ್ದದ್ದು ತೇವ ಕುಡಿದು ಗುಲಾಬಿ ಆಗುತ್ತದೆ, ಕಿತ್ತಳೆ ಇದ್ದದ್ದು ಹಸಿರಾಗುತ್ತದೆ. ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಮನೆಯಲ್ಲಿ ಮಕ್ಕಳಿದ್ದರೆ ಕಿತ್ತಳೆ ತಗೊಳ್ಳಿ.

ಬಣ್ಣ ತಿರುಗಿದ ಮೇಲೆ ಬಿಸಾಡಬೇಡಿ. ಓವನ್‌ನಲ್ಲಿ 120 ಡಿಗ್ರಿ ಆಸುಪಾಸು ಎರಡು ಗಂಟೆ ಇಟ್ಟರೆ ಮತ್ತೆ ಮೊದಲಿನ ಬಣ್ಣ. ಓವನ್ ಇಲ್ಲದಿದ್ದರೆ ಬೇರೆಯೇ ಒಂದು ಹಳೇ ಬಾಣಲೆ, ಸಣ್ಣ ಉರಿ, ಕೈಯಾಡಿಸುತ್ತಾ ಇರಿ. ಅಡುಗೆ ಬಾಣಲೆ ಮುಟ್ಟಬೇಡಿ. ಪೂರ್ತಿ ತಣ್ಣಗಾದ ಮೇಲೆ ಡಬ್ಬಿಗೆ. ನಾನು ಒಮ್ಮೆ ಅವಸರದಲ್ಲಿ ಬಿಸಿಯದ್ದನ್ನೇ ಹಾಕಿ ಡಬ್ಬಿ ತಳ ಸೊಟ್ಟ ಮಾಡಿಕೊಂಡಿದ್ದೇನೆ.

ಒಳಗೆ ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಇರಲೇಬೇಕು. ಕಡಿಮೆ ಬೆಲೆಯವು ಸುಳ್ಳು ಹೇಳುತ್ತವೆ, ಅದಕ್ಕೆ ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಅದಕ್ಕೆ ನಾಲ್ಕು ಹನಿ ನೀರು. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗೆ ಇರಬೇಕು. ಅದನ್ನೂ ಮೀಟರನ್ನೂ ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ 75 ತೋರಿಸಬೇಕು. ನನ್ನದು 69 ತೋರಿಸಿತು. ಅಂದರೆ ಅದು ಆರು ಕಮ್ಮಿ ಹೇಳುತ್ತದೆ. ಡಬ್ಬಿ ಮೇಲೆ ಸ್ಕೆಚ್ ಪೆನ್ನಲ್ಲಿ "+6" ಅಂತ ಬರೆದಿಟ್ಟಿದ್ದೇನೆ.

ಡ್ರೈ ಕ್ಯಾಬಿನೆಟ್ ಇದ್ದರೆ ಈ ಬಾಣಲೆ ಕೆಲಸ ಇಲ್ಲ. ಕರೆಂಟ್ ಹೋಗುತ್ತದಲ್ಲ ಅಂತ ಹೆದರಬೇಡಿ. ಬಾಗಿಲು ತೆಗೆಯದಿದ್ದರೆ ಒಳಗಿನ ಒಣ ಗಾಳಿ ಒಳಗೇ ಇರುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಕೇಳುವುದನ್ನೇ ಬಿಟ್ಟಿದ್ದೇವೆ, ಆದರೂ ಮೀಟರ್ ಒಂದು ದಿನದಲ್ಲಿ ಐದಾರು ಏರುತ್ತದೆ, ಅಷ್ಟೇ.

ಕೆಂಪು ಬಸ್

ನಾನು ಬೈಕ್ ಇಲ್ಲದವನು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಎಲ್ಲ ಸರ್ಕಾರಿ ಬಸ್ಸಲ್ಲೇ. ನನ್ನ ಅನುಭವದಲ್ಲಿ ಕ್ಯಾಮೆರಾ ಬ್ಯಾಗ್ ಅಂತ ಕಾಣುವ ಬ್ಯಾಗೇ ದೊಡ್ಡ ತೊಂದರೆ. ಮೇಲೆ ಕಂಪನಿ ಹೆಸರು, ಬದಿಯಲ್ಲಿ ಟ್ರೈಪಾಡ್. "ಇದರೊಳಗೆ ಎರಡು ಲಕ್ಷ ಇದೆ" ಅಂತ ಬೋರ್ಡ್ ಹಾಕಿಕೊಂಡು ನಿಂತ ಹಾಗೆ.

ನಾನು ಒಳಗಿನ ಸ್ಪಂಜಿನ ಡಬ್ಬ ಮಾತ್ರ ತಗೊಂಡೆ. ಇನ್ಸರ್ಟ್ ಅಂತ ಮಾರುತ್ತಾರೆ. ಅದನ್ನು ತಂಗಿಯ ಹಳೇ ಸ್ಕೂಲ್ ಬ್ಯಾಗಿನಲ್ಲಿ ಇಳಿಸಿದ್ದೇನೆ, ಮೇಲೆ ಒಂದು ಟವೆಲ್. ಯಾರೂ ತಿರುಗಿ ನೋಡುವುದಿಲ್ಲ.

ಬಸ್ಸಲ್ಲಿ ಮೇಲಿನ ಕ್ಯಾರಿಯರ್‌ಗೆ ಇಡಬೇಡಿ. ಒಂದು ಹಂಪ್ ಸಾಕು. ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ಮೇಲೂ ಬೇಡ, ಸುಡುತ್ತದೆ. ತೊಡೆ ಮೇಲೆ, ಇಲ್ಲ ಕಾಲ ಸಂದಿಯಲ್ಲಿ ಪಟ್ಟಿ ಪಾದಕ್ಕೆ ಸುತ್ತಿಕೊಂಡು.

ಹೆಗಲಿಗೆ ಅಡ್ಡ ಹಾಕುವ ಬ್ಯಾಗ್ ದೇವಸ್ಥಾನಕ್ಕೆ ಚೆನ್ನ, ಬೆಟ್ಟಕ್ಕೆ ಕೆಟ್ಟದ್ದು. ಶ್ರವಣಬೆಳಗೊಳದಲ್ಲಿ 600ಕ್ಕೂ ಜಾಸ್ತಿ ಮೆಟ್ಟಿಲು, ಬಂಡೆಯಲ್ಲೇ ಕೊರೆದದ್ದು, ಬರಿಗಾಲು. ಇಳಿಯುವಾಗ ಪಕ್ಕದ ಬ್ಯಾಗ್ ಮುಂದಕ್ಕೆ ತೂಗಿ ಒಮ್ಮೆ ನನ್ನನ್ನೇ ಎಳೆದುಕೊಂಡಿತ್ತು. ಅವತ್ತಿನಿಂದ ಎರಡು ಹೆಗಲ ಬ್ಯಾಗೇ.

ಅರಸೀಕೆರೆ ಎಕ್ಸ್‌ಪ್ರೆಸ್

ಇನ್ಸರ್ಟ್ ಕೂಡ ತಗೊಳ್ಳಬೇಕಾಗಿಲ್ಲ. ಕಾರ್ ಸೀಟ್ ಹೊಲಿಯುವ ಕುಶನ್ ಅಂಗಡಿಗೆ ಹೋಗಿ. ಅಳತೆ ಕೊಟ್ಟರೆ ಗಟ್ಟಿ ಫೋಮ್ ಕತ್ತರಿಸಿ, ಮೆತ್ತನೆ ಬಟ್ಟೆ ಹೊಲಿದು, ಅಂಚಿಗೆ ವೆಲ್ಕ್ರೋ ಹಾಕಿ ಕೊಡುತ್ತಾರೆ. ನಾನು ಆರು ನೂರು ಕೊಟ್ಟೆ. ಒಂದೇ ಮಾತು, ಒಳಬದಿಗೆ ರೆಕ್ಸಿನ್ ಹಾಕಿಸಬೇಡಿ. ಬೆವರುತ್ತದೆ, ವರ್ಷ ಕಳೆದರೆ ಸಿಪ್ಪೆ ಏಳುತ್ತದೆ.

ಬಿಸಿಲೆ ಕಪ್ಪೆ (ಸಕಲೇಶಪುರ)

ಈ ಮಾತು ಒಪ್ಪಿದೆ ಅಣ್ಣ. ಕಂಪನಿ ಬ್ಯಾಗಿನಲ್ಲೂ ಅದೇ ಆಗುತ್ತದೆ. ಬಟ್ಟೆಯ ಒಳಬದಿಗೆ ನೀರು ಬರದ ಹಾಗೆ ಒಂದು ಲೇಪ ಹಾಕಿರುತ್ತಾರಲ್ಲ, ಮಲೆನಾಡಿನ ಶೀತಕ್ಕೆ ಅದು ನಾಲ್ಕೈದು ವರ್ಷದಲ್ಲಿ ಜಿಗಿಜಿಗಿ ಆಗಿ ಪುಡಿ ಉದುರುತ್ತದೆ. ಸೆಕೆಂಡ್ ಹ್ಯಾಂಡ್ ಬ್ಯಾಗ್ ತಗೊಳ್ಳುವವರು ಒಳಗೆ ಕೈ ಹಾಕಿ ಉಜ್ಜಿ ನೋಡಿ. ಬೆರಳಿಗೆ ಅಂಟಿದರೆ ಎದ್ದು ಬನ್ನಿ.

ಗಿರಿಸಾಲು (ಚಿಕ್ಕಮಗಳೂರು)

ಹಾಗಾದರೆ ಗಟ್ಟಿ ಪೆಟ್ಟಿಗೆ ಯಾರಿಗೂ ಬೇಡವಾ? ನೋಡಲಿಕ್ಕೆ ಮಾತ್ರ ಏನು ಗತ್ತು! ನೀರಲ್ಲಿ ಮುಳುಗಿಸಿದರೂ ಏನೂ ಆಗುವುದಿಲ್ಲವಂತೆ.

ಹಾಸನ್ ಸ್ಟುಡಿಯೋ

ನನ್ನ ಹತ್ತಿರ ಎರಡಿವೆ. ಹೇಳುತ್ತೇನೆ.

ಪೆಟ್ಟಿಗೆ ಒಳ್ಳೆಯದು ಯಾವಾಗ? ಸಾಮಾನು ಗಾಡಿಯ ಡಿಕ್ಕಿಯಲ್ಲಿ ಹೋಗಬೇಕು, ಅದರ ಮೇಲೆ ಇನ್ನೊಬ್ಬರು ಲೈಟ್ ಸ್ಟ್ಯಾಂಡ್ ಎಸೆಯುತ್ತಾರೆ, ಕೊನೆಗೆ ಒಬ್ಬ ಅದರ ಮೇಲೇ ಹತ್ತಿ ಕೂರುತ್ತಾನೆ ಅನ್ನುವಾಗ. ಮದುವೆ ಆರ್ಡರ್ ಅಂದರೆ ಅದೇ. ಮುಚ್ಚಳದ ಸುತ್ತ ರಬ್ಬರ್ ರಿಂಗ್ ಇರುತ್ತದೆ, ಗಾಳಿಯ ಒತ್ತಡ ಸಮ ಮಾಡಲು ಪುಟ್ಟ ವಾಲ್ವ್ ಇರುತ್ತದೆ. ನೀರು, ಧೂಳು ಒಳಗೆ ಹೋಗುವುದಿಲ್ಲ, ನಿಜ.

ಆದರೆ ಒಳಗಿನದು ಹೊರಗೂ ಬರುವುದಿಲ್ಲ. ಶೆಟ್ಟಿಹಳ್ಳಿ ಚರ್ಚ್ ಹತ್ತಿರ, ಗೊರೂರು ಹಿನ್ನೀರಿನಲ್ಲಿ ಪ್ರೀ ವೆಡ್ಡಿಂಗ್ ಮಾಡಿ, ತುಂತುರಿನಲ್ಲಿ ನೆನೆದ ಕ್ಯಾಮೆರಾ ಒರೆಸಿ ಪೆಟ್ಟಿಗೆಗೆ ಹಾಕಿ ಕ್ಲಿಪ್ ಒತ್ತಿದ ನಮ್ಮ ಹುಡುಗ. ಸುಸ್ತಾಗಿತ್ತು, ನಾನೂ ನೋಡಲಿಲ್ಲ. ನಾಲ್ಕು ದಿನ ಬಿಟ್ಟು ತೆಗೆದರೆ ಒಳಗಿನ ಫೋಮ್ ಇಡ್ಲಿ ಹಾಗೆ ಮೆತ್ತಗೆ, ವ್ಯೂಫೈಂಡರ್ ಒಳಗೆ ಮಂಜು. ನೀರು ಬರದ ಪೆಟ್ಟಿಗೆ ಅಂದರೆ ನೀರು ಹೋಗದ ಪೆಟ್ಟಿಗೆಯೂ ಹೌದು.

ಬೈಕಿಗಂತೂ ಅದು ಆಗದ ಮಾತು. ವಿಮಾನಕ್ಕೆ ಬೇಕು ಅನ್ನುವವರೂ ಯೋಚನೆ ಮಾಡಿ. ಕ್ಯಾಬಿನ್‌ಗೆ ಅಂತಲೇ ಮಾಡಿದ ಪೆಲಿಕನ್ 1510 ಫೋಮ್ ಸೇರಿ ಖಾಲಿಯೇ 6 ಕೆಜಿ ಮೇಲೆ. ನಮ್ಮ ದೇಶದೊಳಗಿನ ವಿಮಾನದಲ್ಲಿ ಕ್ಯಾಬಿನ್‌ಗೆ ಸಾಮಾನ್ಯವಾಗಿ ಬಿಡುವುದೇ 7 ಕೆಜಿ. ಇನ್ನು ಒಳಗೆ ಏನು ಇಡುತ್ತೀರಿ, ಲೆನ್ಸ್ ಕ್ಯಾಪಾ? ಬೆಂಗಳೂರಿಂದಲೋ ಮಂಗಳೂರಿಂದಲೋ ಹಾರುವಾಗ ನಾನು ಮಾಡುವುದು, ಹಗುರ ಬ್ಯಾಗಿನಲ್ಲಿ ಬಾಡಿ ಮತ್ತೆ ಲೆನ್ಸ್ ಜೊತೆಗೆ, ಟ್ರೈಪಾಡ್ ಮತ್ತೆ ಸ್ಟ್ಯಾಂಡ್ ಚೆಕ್ ಇನ್‌ಗೆ. ಬಿಡಿ ಬ್ಯಾಟರಿ ಯಾವತ್ತೂ ಚೆಕ್ ಇನ್‌ಗೆ ಹಾಕುವ ಹಾಗಿಲ್ಲ, ಕೈಯಲ್ಲೇ ಇರಬೇಕು. 100 ವ್ಯಾಟ್ ಅವರ್ ಒಳಗಿದ್ದರೆ ಯಾರ ಒಪ್ಪಿಗೆಯೂ ಬೇಡ. ನಿಮ್ಮ ಸೋನಿ ಬ್ಯಾಟರಿ 16ರ ಆಸುಪಾಸು, ಚಿಂತೆ ಇಲ್ಲ. ತುದಿಗಳಿಗೆ ಅದರ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಕೀ ಗೊಂಚಲಿನ ಜೊತೆ ಜೇಬಿಗೆ ಹಾಕಬೇಡಿ.

ಮದುವೆ ವಿಷಯ ಬಂತಲ್ಲ, ಛತ್ರದ ಕಥೆಯನ್ನೂ ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ಮಳೆಯಿಂದ ಹೋದ ಸಾಮಾನು ಕಡಿಮೆ. ಜನರಿಂದ ಹೋಗಿದ್ದು ಜಾಸ್ತಿ. ಧಾರೆ ಹೊತ್ತಿಗೆ ಬ್ಯಾಗ್ ತೆರೆದೇ ಕುರ್ಚಿ ಕೆಳಗೆ ಇಟ್ಟು ಓಡಿದ್ದೆ. ಮಜ್ಜಿಗೆ ಹಂಚುತ್ತಿದ್ದ ಹುಡುಗ ಎಡವಿದ. 70-200 ಲೆನ್ಸ್ ಮೇಲೆ ಕೊತ್ತಂಬರಿ ಸೊಪ್ಪು! ಅವನನ್ನು ಬೈಯುವುದೇನು, ಜಿಪ್ ಹಾಕದವನು ನಾನು. ಅಂದಿನಿಂದ ನಮ್ಮ ಹುಡುಗರಿಗೆ ಒಂದೇ ನಿಯಮ. ಕೈ ಬ್ಯಾಗಿನಿಂದ ಹೊರಬಂದ ತಕ್ಷಣ ಜಿಪ್. ಲೆನ್ಸ್ ಬದಲಾಯಿಸುತ್ತಾ ಇದ್ದರೂ ಸರಿ, ಜಿಪ್. ಬ್ಯಾಗಿನ ಪಟ್ಟಿಯನ್ನು ಮಂಟಪದ ಹತ್ತಿರದ ಕಂಬಕ್ಕೋ ಭಾರದ ಸೋಫಾ ಕಾಲಿಗೋ ಸಣ್ಣ ಸೈಕಲ್ ಬೀಗದಲ್ಲಿ ಕಟ್ಟುತ್ತೇವೆ. ತುಂಬಿದ ಕಾರ್ಡ್ ಬ್ಯಾಗಿನಲ್ಲಿ ಇಡುವುದೇ ಇಲ್ಲ, ಷರ್ಟಿನ ಜೇಬಲ್ಲಿ. ಕ್ಯಾಮೆರಾ ಹೋದರೆ ಇನ್ನೊಂದು ತರಬಹುದು, ತಾಳಿ ಕಟ್ಟಿದ ಫೋಟೋ ಎಲ್ಲಿಂದ ತರಲಿ?

ಎ.ಸಿ. ಛತ್ರದಿಂದ ಹೊರಗೆ ಬರುವಾಗಲೂ ಜಿಪ್ ಹಾಕಿಯೇ ಬನ್ನಿ, ಅರ್ಧ ಗಂಟೆ ಹಾಗೇ ಬಿಡಿ. ತಣ್ಣಗಿನ ಗಾಜಿಗೆ ಹೊರಗಿನ ಹಸಿ ಗಾಳಿ ತಾಗಿದರೆ ಇಬ್ಬನಿ ಕಟ್ಟುತ್ತದೆ. ಬ್ಯಾಗಿನ ಸ್ಪಂಜು ಅಲ್ಲಿ ಮಾತ್ರ ಉಪಕಾರಿ, ಬಿಸಿ ನಿಧಾನ ಏರುತ್ತದೆ.

ಕಣದ ಕಾಫಿ (ಮೂಡಿಗೆರೆ)

ಅದಕ್ಕೇ ಗಿರಿ ಮೇಲೆ ನಾನು ಲೆನ್ಸ್ ಬದಲಾಯಿಸುವುದೇ ಇಲ್ಲ. 1930 ಮೀಟರ್ ಎತ್ತರದಲ್ಲಿ ಮೋಡವೇ ನೇರ ಬ್ಯಾಗಿನೊಳಗೆ ಬರುತ್ತದೆ. ಜಿಪ್ ಹಾಕಿ ಆ ಮೋಡವನ್ನು ಮನೆಗೆ ತರುತ್ತೇವೆ.

ಬಿಸಿಲೆ ಕಪ್ಪೆ (ಸಕಲೇಶಪುರ)

ಬೈಕಿನ ಬಗ್ಗೆ ಒಂದು ಮಾತು ಉಳಿಯಿತು. ಹಿಂದಿನ ಕ್ಯಾರಿಯರ್‌ಗೆ ಹಗ್ಗ ಕಟ್ಟಿ ಕ್ಯಾಮೆರಾ ಒಯ್ಯಬೇಡಿ. ಆ ನಡುಕಕ್ಕೆ ಲೆನ್ಸಿನ ಸಣ್ಣ ಸ್ಕ್ರೂಗಳು ಸಡಿಲ ಆಗುತ್ತವೆ. ಬೈಕ್ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನಿನ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಕೆ ಕೊಟ್ಟಿತ್ತಲ್ವಾ. ಬೆನ್ನ ಮೇಲೇ ಇರಲಿ, ನಿಮ್ಮ ಮೈಯೇ ಶಾಕ್ ಅಬ್ಸಾರ್ಬರ್.

200-600ನ್ನು ಕ್ಯಾಮೆರಾಕ್ಕೆ ಸಿಕ್ಕಿಸಿಕೊಂಡು ಬೈಕಲ್ಲಿ ಹೋಗಬೇಡಿ. ಎರಡು ಕೆಜಿ ಭಾರ, ಲೆನ್ಸ್ ಕೂರುವ ಮೌಂಟ್ ಮೇಲೆ ಗುಂಡಿ ಗುಂಡಿಗೂ ಕುಣಿಯುತ್ತದೆ. ಬಿಡಿಸಿ ಎರಡೂ ಬೇರೆ ಬೇರೆ ಗೂಡಲ್ಲಿ ಇಡಿ. ಹಾಗೆ ಇಟ್ಟರೆ 40 ಸೆಂಮೀ ಬ್ಯಾಗೂ ಬೇಡ, 35 ಸಾಕು. ಸಣ್ಣ ಬ್ಯಾಗ್, ಕಡಿಮೆ ದುಡ್ಡು. ಭಾರದ್ದು ಬೆನ್ನಿಗೆ ಅಂಟಿಕೊಂಡ ಕಡೆ, ಸೊಂಟದ ಪಟ್ಟಿ ಬಿಗಿಯಾಗಿ. ಸೊಂಟದ ಪಟ್ಟಿ ಬರೀ ತೆಳು ನಾಡಾ ಆಗಿದ್ದರೆ ಆ ಬ್ಯಾಗ್ ಬಿಡಿ. ಐದು ಕೆಜಿ ದಾಟಿದ ಮೇಲೆ ಹೆಗಲು ಎರಡು ಗಂಟೆ ತಡೆಯುವುದಿಲ್ಲ.

ಮುತ್ತೋಡಿ ಸಫಾರಿಗೆ ಬೀನ್ ಬ್ಯಾಗ್ (ಲೆನ್ಸ್ ಊರಿಡುವ ಚೀಲ) ಖಾಲಿ ಒಯ್ಯಿರಿ, ಅಲ್ಲಿ ಹೋಗಿ ಅಕ್ಕಿ ತುಂಬಿಸಿ. ಅಜ್ಜಿಯ ಅಕ್ಕಿಗೂ ಒಂದು ಕೆಲಸ ಆಯಿತು.

ಗಿರಿಸಾಲು (ಚಿಕ್ಕಮಗಳೂರು)

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಮಳೆ ಶುರುವಾಯಿತು.

ಪೇಪರ್ ಹಾಸಿ ಗೆರೆ ಎಳೆದೆ. ಅದನ್ನು ಹಿಡಿದು ಅಂಗಡಿಗೆ ಹೋದರೆ ಅಂಗಡಿಯವರು ನಕ್ಕರು, ಆಮೇಲೆ ಅವರೇ ಮೂರು ಬ್ಯಾಗ್ ಇಳಿಸಿ ಹಾಸಿ ನೋಡಿದರು. ಬೆನ್ನಿನ ಕಡೆ ಜಿಪ್ ಇರುವುದು ಒಂದು ಸಿಕ್ಕಿತು, ಒಳಗೆ ಉದ್ದ 36. ಕಂಪನಿ ಹೆಸರು ಕೇಳಬೇಡಿ, ಅದರ ಮೇಲೆ ಕಪ್ಪು ಟೇಪ್ ಅಂಟಿಸಿದ್ದೇನೆ, ಕೆಂಪು ಬಸ್ ಅವರ ದಯೆ. ಅದಕ್ಕೆ ನಾಲ್ಕೂಮುಕ್ಕಾಲು ಸಾವಿರ ಆಯಿತು. ಪೋಂಚೋ ಸಂತೆಯಲ್ಲೇ ತಗೊಂಡೆ. ಡ್ರೈ ಕ್ಯಾಬಿನೆಟ್ ಸದ್ಯಕ್ಕೆ ಇಲ್ಲ, ರಬ್ಬರ್ ಡಬ್ಬಿ ಮತ್ತೆ ಕಿತ್ತಳೆ ಜೆಲ್. ನೋಟಿನ ಪರೀಕ್ಷೆಯಲ್ಲಿ ಮೊದಲನೇ ಡಬ್ಬಿ ಫೇಲ್, ಎರಡನೆಯದು ಪಾಸ್.

50 ಲೆನ್ಸನ್ನು ಬಿಚ್ಚಿಸಿ ತೊಳೆಸಿದೆ. ಎಳೆಗಳು ಹೋದವು. ಆದರೆ ಒಂದು ಕಡೆ ಗಾಜಿನ ಲೇಪವನ್ನೇ ತಿಂದಿದೆಯಂತೆ, ಆ ಗುರುತು ಹೋಗುವುದಿಲ್ಲ ಅಂದರು. ದೀಪದ ಎದುರು ಫೋಟೋ ತೆಗೆದರೆ ಸ್ವಲ್ಪ ಮಬ್ಬು ಬರುತ್ತದೆ. ಅದನ್ನು ಬೇರೆ ಸಣ್ಣ ಡಬ್ಬಿಯಲ್ಲೇ ಇಟ್ಟಿದ್ದೇನೆ.

ಉಪ್ಪಿನ ಪರೀಕ್ಷೆಯೂ ಮಾಡಿದೆ. ರಾತ್ರಿ ಅಡುಗೆಮನೆ ಕಟ್ಟೆ ಮೇಲೆ ಮುಚ್ಚಿಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಡಬ್ಬಿ ತೊಳೆದು ಬೋರಲು ಹಾಕಿದ್ದಾರೆ, ಮೀಟರ್ ಕಿಟಕಿಯಲ್ಲಿ 88 ತೋರಿಸುತ್ತಾ ಕೂತಿದೆ. ಇವತ್ತು ರಾತ್ರಿ ಮತ್ತೆ ಇಡುತ್ತೇನೆ. ಡಬ್ಬಿ ಮೇಲೆ "ಮುಟ್ಟಬೇಡಿ" ಅಂತ ಚೀಟಿ ಅಂಟಿಸಿದ್ದಾಗಿದೆ.